ಗುಮಾಸ್ತ ಕಂಡ ಸೂರ್ಯ

ಬ್ಯಾಂಕಿನ ಲೆಡ್ಜರ್ ಬರೆದೇ ತಲೆ ನರೆಸಿಕೊಂಡವನು ನಾನು. ಹಾಗಾಗಿ ಇಂಗ್ಲೆಂಡಿನ ನಾರ್ಮನ್ ಲಾಕಿಯರ್ ಎಂದರೆ ನನಗೊಂದು ಬಗೆಯ ಸಲುಗೆ. ಆತನೂ ಗುಮಾಸ್ತನೇ! ಹಗಲು ಲಂಡನ್ನಿನ ಯುದ್ಧ ಕಚೇರಿಯಲ್ಲಿ ಕಾಗದಪತ್ರ, ಬಿಡುವಿನಲ್ಲಿ ದೂರದರ್ಶಕ. 1868ರಲ್ಲಿ ಸೂರ್ಯನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವಾಗ, ಗೊತ್ತಿದ್ದ ಯಾವ ವಸ್ತುವಿಗೂ ಹೊಂದದ ಹಳದಿ ಗೆರೆಯೊಂದು ಕಂಡಿತು. ಅದೇ ಹೀಲಿಯಂ. ಮಕ್ಕಳೇ, ನಿಮ್ಮ ಹುಟ್ಟುಹಬ್ಬದ ಬಲೂನನ್ನು ಮೇಲೇರಿಸುವ ಅನಿಲ. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣ ನೋಡಲು ಆತ ನಮ್ಮ ಕಾಸರಗೋಡಿನ ಬೇಕಲ ಕೋಟೆಗೇ ಬಂದಿದ್ದ. ಅಂಥದೇ ಗ್ರಹಣ ನನಗೆ ದಕ್ಕಿದ್ದು 1980ರ ಫೆಬ್ರವರಿ 16ರಂದು, ಮುಂಡಗೋಡದಲ್ಲಿ. ಓಣಿಯೆಲ್ಲ ಬಾಗಿಲು ಹಾಕಿತ್ತು. ಮಾವಿನ ಮರದಡಿ ಬಿಸಿಲಿನ ಚುಕ್ಕಿಗಳೆಲ್ಲ ಪುಟ್ಟ ಕುಡುಗೋಲುಗಳಾದವು. ಆಮೇಲೆ ಹಾಡಹಗಲೇ ಕತ್ತಲೆ.

ಲಾಕಿಯರ್ ಸೂರ್ಯನಿಗಷ್ಟೇ ಅಂಟಿಕೊಂಡವನಲ್ಲ. 1869ರಲ್ಲಿ ‘ನೇಚರ್’ ಪತ್ರಿಕೆ ಶುರುಮಾಡಿ 50 ವರ್ಷ ಸಂಪಾದಕನಾಗಿದ್ದ. ಈಜಿಪ್ಟಿನ ಗುಡಿಗಳು, ಸ್ಟೋನ್‌ಹೆಂಜ್‌ನ ಕಲ್ಲುಗಳು ಯಾವ ದಿಕ್ಕಿಗೆ ನಿಂತಿವೆ ಎಂದು ಅಳೆದ. ಗಾಲ್ಫ್ ನಿಯಮಗಳ ಮೇಲೊಂದು ಪುಸ್ತಕ ಬರೆದ. ಮುಪ್ಪಿನಲ್ಲಿ ಮಗಳ ಜೊತೆ ಸೇರಿ ಕವಿ ಟೆನ್ನಿಸನ್ ಮೇಲೆ ಇನ್ನೊಂದು.

ಇಲ್ಲಿ ದಾಂಡೇಲಿಯಲ್ಲಿ ನನ್ನ ಮೊಮ್ಮಗಳಿಗೆ ನಕ್ಷತ್ರ, ಕವಿತೆ ಎರಡರದೂ ಹುಚ್ಚು. ಬರುವ ವರ್ಷ ಎಸ್ಸೆಸ್ಸೆಲ್ಸಿ, ಎರಡನ್ನೂ ಬಿಡು ಎಂದು ಅವಳಪ್ಪನ ಹಟ. ಮೊನ್ನೆ ಊಟಕ್ಕೆ ಕೂತಾಗ ಅವನಿಗೆ ಈ ಕತೆಯನ್ನೆಲ್ಲ ಹೇಳಿದೆ.

“ಅಪ್ಪಾ, ಲಾಕಿಯರ್‌ಗೆ ಎಸ್ಸೆಸ್ಸೆಲ್ಸಿ ಇರಲಿಲ್ಲ” ಎಂದ.

ಹುಡುಗಿ ಅಷ್ಟರಲ್ಲಿ ಕೈತೊಳೆದು ತಾರಸಿ ಹತ್ತಿದ್ದಳು.