ಮೊಸಳೆ ಇತ್ತಾ ಸಾರ್?

ಇವತ್ತು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಸಿಕ್ಕ ಎದುರುಮನೆಯವರು ನನ್ನ ಇಡೀ ದಿನದ ಹದ ಕೆಡಿಸಿದರು. ಸಾಲಿಗ್ರಾಮದ ಹಿನ್ನೀರಿನಲ್ಲಿ ಕಯಾಕಿಂಗ್ ಮಾಡಿಕೊಂಡು ಬಂದೆ ಎಂದೆ.

"ಮೊಸಳೆ ಇತ್ತಾ ಸಾರ್?"

ಇಲ್ಲ ಎಂದೆ.

"ಮತ್ತೆ ಅಷ್ಟು ದೂರ ಹೋಗಿ ಏನು ನೋಡಿದ್ರಿ?"

"ಏಡಿ."

ಅವರು ನನ್ನ ಮುಖವನ್ನೊಮ್ಮೆ ನೋಡಿ ಚಿಲ್ಲರೆ ಎಣಿಸತೊಡಗಿದರು.

ನೀರು ಪ್ರಶಾಂತ, ಹಸಿರು ಕಣ್ಣಿಗೆ ತಂಪು, ಮನಸ್ಸು ಹಗುರ: ಇದೆಲ್ಲ ಪ್ರವಾಸದ ಫಲಕಗಳಲ್ಲೇ ಇರುತ್ತದೆ, ಬಿಡಿ. ನನ್ನ ತಕರಾರು ನಮ್ಮ ಜನಕ್ಕೆ ಹಿಡಿದಿರುವ ದೊಡ್ಡ ಪ್ರಾಣಿಯ ಹುಚ್ಚಿನ ಮೇಲೆ. ಕಾಡೆಂದರೆ ಹುಲಿ, ಹೊಳೆಯೆಂದರೆ ಮೊಸಳೆ. ನಾಗರಹೊಳೆಯ ಸಫಾರಿಯಲ್ಲಿ ಹುಲಿ ಕಾಣದೆ ವಾಪಸಾಗುವವರನ್ನು ನೋಡಬೇಕು. ಮದುವೆಗೆ ಹೋಗಿ ಊಟ ಸಿಗದೆ ಬಂದವರ ಮುಖ. ದಾರಿಯುದ್ದಕ್ಕೂ ಕಂಡ ಕಾಟಿ, ಕೆನ್ನಾಯಿ, ಮರಕುಟಿಗ ಯಾವುದೂ ಲೆಕ್ಕಕ್ಕಿಲ್ಲ. ಪ್ರಾಣಿಯ ತೂಕಕ್ಕೆ ತಕ್ಕ ಹಾಗೆ ಸಂತೋಷಪಡಬೇಕೆಂದು ಯಾರು ವಿಧಿಸಿದರೋ! ಆ ಲೆಕ್ಕದಲ್ಲಿ ನಮ್ಮ ಬೀದಿಯ ಎಮ್ಮೆಗೆ ದಿನಾ ಕೈಮುಗಿಯಬೇಕು.

ಕೋಡಿಬೆಂಗ್ರೆಯಲ್ಲಿ ಕಡಲು ಸೇರುವ ಸೀತಾ ನದಿ ಸಾಲಿಗ್ರಾಮದ ಬಳಿ ಕಾಂಡ್ಲಾ ಗಿಡಗಳ ಮರೆಯಲ್ಲಿ ಸೋಮಾರಿಯಾಗಿ ಮಲಗಿರುತ್ತದೆ. ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆತು, ಗೇಣುದ್ದ ಬೆಳೆದು, ಆಮೇಲೆ ಕೆಸರಿಗೆ ಬೀಳುತ್ತದೆ. ಉಪ್ಪುನೀರಿನಲ್ಲಿ ಬದುಕಬೇಕಾದವರಿಗೆ ತವರಿನಲ್ಲೇ ಇಷ್ಟು ತಯಾರಿ. ನಮ್ಮ ಜೊತೆಗೆ ಬಂದ ಹುಡುಗ ಊರಿನವನೇ. ಹಿಂದಿನ ಕಯಾಕಿನಲ್ಲಿ ಯಾರೋ ಸಿನಿಮಾ ಹಾಡು ಶುರುಮಾಡಿದಾಗ, "ಸದ್ದ್ ಮಾಡ್ಬೇಡಿ ಮಾರಾಯ್ರೆ, ಅಲ್ಲ್ ಕಾಣಿ" ಎಂದ. ಅಷ್ಟರಲ್ಲಿ ಮಿಂಚುಳ್ಳಿ ಹಾರಿಹೋಗಿತ್ತು. ಧ್ರುವಪ್ರದೇಶದ ಇನೂಯಿಟ್ ಜನ ಸೀಲ್ ತೊಗಲು ಹೊದಿಸಿ ಕಯಾಕ್ ಕಟ್ಟಿಕೊಂಡದ್ದೇ ಸದ್ದಿಲ್ಲದೆ ಬೇಟೆಯ ಹತ್ತಿರ ಹೋಗಲು. ನಾವು ಅದರಲ್ಲಿ ಅಂತ್ಯಾಕ್ಷರಿ ಆಡುತ್ತೇವೆ.

ಏಡಿಯ ವಿಷಯಕ್ಕೆ ಬರುತ್ತೇನೆ. ಇಳಿತದ ಹೊತ್ತು, ದಂಡೆಯ ಕೆಸರಿನಲ್ಲಿ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ ಗಂಡು ಏಡಿ. ಅದರ ಒಂದು ಕೊಂಡಿ ಮೈಗಿಂತಲೂ ದೊಡ್ಡದು, ಇನ್ನೊಂದು ಕಡ್ಡಿಯಷ್ಟು. ದೊಡ್ಡದರಿಂದ ಉಣ್ಣಲಾಗುವುದಿಲ್ಲ. ಪುಟ್ಟದರಿಂದ ಕೆಸರನ್ನು ಚಿವುಟಿ ಬಾಯಿಗಿಟ್ಟು, ಸತ್ವ ಹೀರಿ, ಉಳಿದದ್ದನ್ನು ಸಣ್ಣ ಉಂಡೆ ಮಾಡಿ ಪಕ್ಕಕ್ಕಿಡುತ್ತದೆ. ನಡುನಡುವೆ ದೊಡ್ಡ ಕೊಂಡಿಯನ್ನು ಮೇಲೆತ್ತಿ ಹೆಣ್ಣನ್ನು ಕರೆಯುತ್ತದೆ. ಎರಡೂ ಕೈಯಿಂದ ಗಬಗಬನೆ ತಿನ್ನುತ್ತಿದ್ದ ಹೆಣ್ಣು ತಿರುಗಿಯೂ ನೋಡಲಿಲ್ಲ. ಗಂಡು ಮತ್ತೊಂದು ಉಂಡೆ ಕಟ್ಟಿತು. ಮತ್ತೆ ಕೈ ಎತ್ತಿತು. ಇದರ ಮುಂದೆ ಮೊಸಳೆ ಏನು ಮಹಾ? ಬಾಯಿ ತೆರೆದು ಬಿದ್ದುಕೊಂಡಿರುತ್ತದೆ.

ಲೈಫ್ ಜಾಕೆಟ್ಟಿನೊಳಗೆ ಮಾತ್ರ ನನಗೆ ಧಾರಾಕಾರ ಬೆವರು. ಸುತ್ತ ನೀರು, ಮೈಯೆಲ್ಲ ಬೆವರು ಎಂದರೆ ಕನ್ನಡ ಓದಿದವನಿಗೆ, ಭೀಮನ ಗರ್ಜನೆಗೆ ಕೊಳದ ನೀರಿನೊಳಗಿದ್ದೂ ಬೆವರಿದ ರನ್ನನ ದುರ್ಯೋಧನ ನೆನಪಾಗದೆ ಇರುತ್ತಾನೆಯೇ? ಗದಾಯುದ್ಧದ ಪಾಠ ಮಾಡುತ್ತಿದ್ದ ನಮ್ಮ ಮೇಷ್ಟ್ರು ಕೊಳದ ದಡದ ಭೀಮನಾಗಿ ಗರ್ಜಿಸಿದರೆ ಪಕ್ಕದ ತರಗತಿಯ ಗಣಿತ ನಿಂತುಹೋಗುತ್ತಿತ್ತು. ಅವರನ್ನು ಕಯಾಕಿನಲ್ಲಿ ಕೂರಿಸಿದ್ದರೆ ಸೀತಾ ನದಿಯಲ್ಲಿ ಒಂದು ಕೊಕ್ಕರೆಯೂ ಉಳಿಯುತ್ತಿರಲಿಲ್ಲ.

ವಾಪಸು ಬರುವಾಗ ಹುಡುಗ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಉಬ್ಬರ ಇಳಿತ ಎರಡೂ ಜೋರು, ಅಷ್ಟಮಿಗೆ ಮಂದ ಎಂದ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಭಾನುವಾರ ಹತ್ತಕ್ಕೇ ಬೇಕು ಎಂದು ಹಟ ಹಿಡಿಯುವವರಿಗೆ ಇದನ್ನು ತಿಳಿಹೇಳುವುದೇ ಅವನ ದೊಡ್ಡ ಕೆಲಸವಂತೆ. ಏಕಾದಶಿ, ಸಂಕಷ್ಟಿ ನೋಡಲೆಂದು ಅಡುಗೆಮನೆಯಲ್ಲಿ ತೂಗುಹಾಕಿದ ಕ್ಯಾಲೆಂಡರನ್ನು ಈಗ ಏಡಿಗಳಿಗಾಗಿ ತಿರುವುತ್ತಿದ್ದೇನೆ. ಅಮಾವಾಸ್ಯೆಯಂದು ಪ್ರಯಾಣ ಹೊರಡಬಾರದು ಎನ್ನುತ್ತಾಳೆ ಹೆಂಡತಿ. ಒಳ್ಳೆಯ ಶಾಸ್ತ್ರ. ನಾಡಿನ ಜನರೆಲ್ಲ ಅದನ್ನು ಕಟ್ಟುನಿಟ್ಟಾಗಿ ಪಾಲಿಸಲಿ. ಆ ದಿನ ನಾವಿಬ್ಬರು ಹೋಗಿಬರುತ್ತೇವೆ.