ಅಕ್ಕಿಯ ದಾರಿಯ ಇಗರ್ಜಿ

1570ರದ್ದು ಎಂದು ಕೇಳಿ ಕುಂದಾಪುರದ ರೋಜರಿ ಮಾತೆಯ ಇಗರ್ಜಿಗೆ ಬರುವವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಬ್ರಹ್ಮಾವರದ ಗೆಳೆಯನೊಬ್ಬ ಅಂಗಳದಲ್ಲಿ ನಿಂತೇ ರಾಗ ತೆಗೆದ: "ಎಂತ ಮಾರಾಯಾ, ಇದ್ ಹೊಸ್ತಲ್ದಾ?"

ಮೂರು ಕಡೆ ನೀರು, ತಲೆಯ ಮೇಲೆ ನಾಲ್ಕು ತಿಂಗಳ ಮಳೆ, ಗಾಳಿಯಲ್ಲಿ ಉಪ್ಪು. ಇಂಥ ಊರಿನಲ್ಲಿ ಮುರಕಲ್ಲಿನ ಗೋಡೆ ನಿಲ್ಲುವುದು ಗಾರೆ ಬಳಿಯುವ ಕೈ ಇರುವವರೆಗೆ ಮಾತ್ರ. ನಾವು ಹಳೆಯದೆಂದು ಮೆಚ್ಚುವ ಮಂಗಳೂರು ಹಂಚಿಗಾದರೂ ಎಷ್ಟು ವಯಸ್ಸು? ಬಾಸೆಲ್ ಮಿಶನ್‌ನವರು ಅಲ್ಲಿ ಹಂಚು ಸುಡಲು ತೊಡಗಿದ್ದೇ 1865ರಲ್ಲಿ. ಅದಕ್ಕೆ ಮೊದಲು ಈ ಕರಾವಳಿಯ ಮನೆಗಳಿಗೆ ಹೆಚ್ಚಾಗಿ ಹುಲ್ಲಿನ ಮಾಡೇ.

ಹಳತು ಬೇಕಾದವರು ಪಂಚಗಂಗಾವಳಿ ನದಿಯ ದಡಕ್ಕೆ ಹೋಗಿ ನಿಲ್ಲಬೇಕು. ಪೋರ್ಚುಗೀಸರು 1569ರಲ್ಲಿ ಪಕ್ಕದ ಬಸರೂರಿಗೆ ಕೈಹಾಕಿದ್ದು ಜಪಮಾಲೆ ಹಂಚಲಿಕ್ಕಲ್ಲ, ಅಕ್ಕಿಗಾಗಿ. ಗೋವೆಯವರ ಅನ್ನದ ಮಡಕೆ ತುಂಬುತ್ತಿದ್ದುದು ಕೆನರಾದ ಅಕ್ಕಿಯಿಂದ. ಮೂಟೆ ಹತ್ತಿದ ದಡದಲ್ಲೇ ಪಾದ್ರಿಗಳು ಇಳಿದರು. ಮರುವರ್ಷ ಇಗರ್ಜಿಯೂ ಆಯಿತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪರಂಗಿಗಳನ್ನು ಅವರ ಕೋಟೆಯಿಂದ ಹೊರಗಟ್ಟಿದ. ಆದರೆ ಇಗರ್ಜಿಯ ಜನ ಈ ನೆಲದಲ್ಲೇ ಬೇರು ಬಿಟ್ಟವರು, ಎಲ್ಲಿಗೆ ಹೋದಾರು?

1681ರಿಂದ ಮೂರು ವರ್ಷ ಕೆನರಾದಲ್ಲಿ ಅಲೆದ ಗೋವೆಯ ಪಾದ್ರಿ ಜುಜೆ ವಾಜ್ ಇಲ್ಲಿಯೂ ಸೇವೆ ಮಾಡಿದರು. ಮುಂದೆ ಡಚ್ಚರ ಕಣ್ಣು ತಪ್ಪಿಸಿ, ವೇಷ ಮರೆಸಿಕೊಂಡು ಸಿಲೋನಿಗೆ ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದಾಗ ಕುಂದಾಪುರದವರೂ ಬೀಗಿದರು. ಬೀಗಲಿ, ಹಕ್ಕಿದೆ.

1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಬದುಕಿ ಉಳಿದವರು 1799ರ ನಂತರ ಮರಳಿ ಬಂದು, ಕರಾವಳಿಯುದ್ದಕ್ಕೂ ಬಿದ್ದ ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಗೋಡೆ ಹೊಸತೆಂದು ಮೂಗು ಮುರಿಯುವವರಿಗೆ ಈ ಎರಡು ಇಸವಿ ಸಾಕು.

ನೀವು ಹೋಗುವುದಾದರೆ ಸೆಪ್ಟೆಂಬರ್ 8ರ ಬೆಳಿಗ್ಗೆ ಹೋಗಿ. ಮೊಂತಿ ಹಬ್ಬ. ಮಕ್ಕಳು ಮೇರಿ ಮಾತೆಗೆ ಹೂವೆರಚುತ್ತಾರೆ, ಪಾದ್ರಿ ಹೊಸ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಗೆ ಒಯ್ದ ತೆನೆಯ ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಬೆರೆಸಿ ಎಲ್ಲರೂ ಕೂತು ಉಣ್ಣುತ್ತಾರೆ. ಅಂದು ಮೀನಿಲ್ಲ. ಕುಂದಾಪುರದಲ್ಲಿ ಮೀನಿಲ್ಲದ ಹಬ್ಬವೆಂದರೆ ಸಣ್ಣ ಸಂಗತಿಯಲ್ಲ. ಯಾರಾದರೂ ಊಟಕ್ಕೆ ಕರೆದರೆ ಒಲ್ಲೆ ಎನ್ನಬೇಡಿ.