ಮನಸ್ಸು ಬರಲಿ ಎಂದು ಕಾದ ವರ್ಷ

ಅಪ್ಪ ಬಚ್ಚಲಿನಲ್ಲಿ ಬಿದ್ದದ್ದು ಎರಡು ವರ್ಷದ ಹಿಂದೆ, ದಸರೆಗೆಂದು ನಾನು ಧಾರವಾಡಕ್ಕೆ ಹೋಗಿದ್ದಾಗ. ಅವರಿಗೆ ಲಕ್ವ ಹೊಡೆದು ಆಗ ಐದು ತಿಂಗಳಾಗಿತ್ತು, ಎಡಗೈ ಎಡಗಾಲಿಗೆ ಇನ್ನೂ ಪೂರ್ತಿ ಬಲ ಬಂದಿರಲಿಲ್ಲ. ಪೆಟ್ಟೇನೂ ಆಗಿರಲಿಲ್ಲ. ಒದ್ದೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಏಳಲು ಆಗುತ್ತಿರಲಿಲ್ಲ, ಅಷ್ಟೆ.

"ನೀ ಬಗಲಾಗ ಕೈ ಹಾಕು, ನಾ ಕಾಲ ಹಿಡೀತೇನಿ" ಅಂದಳು ಅವ್ವ. ಹಾಕಿದೆ, ಎತ್ತಿದೆ. ಅಪ್ಪ ಒಂದು ಗೇಣು ಮೇಲೆ ಬಂದು ಮತ್ತೆ ಕೂತರು. ಎರಡನೇ ಸಲವೂ ಅದೇ ಆಯಿತು. ಮೂರನೇ ಸಲಕ್ಕೆ ನನ್ನ ಸೊಂಟ ಹಿಡಿಯಿತು, ಏದುಸಿರು ಬಂತು. "ಬಿಡ್ರಿನ್ನ, ಯಾರನ್ನರ ಕರೀರಿ" ಅಂದರು ಅಪ್ಪ, ನನ್ನ ಮುಖ ನೋಡದೆ. ಪಕ್ಕದ ಮನೆಯ ಪಿಯುಸಿ ಹುಡುಗ ಬಂದು ಎಬ್ಬಿಸಿದ. ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವರು ಒದ್ದೆ ಲುಂಗಿಯಲ್ಲಿ ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಆಗ ನನಗೆ ಮೂವತ್ತನಾಲ್ಕು.

ಇಂಥದ್ದೊಂದು ನಡೆದ ಮೇಲೆ ಮನುಷ್ಯರು ಬದಲಾಗುತ್ತಾರೆ ಅಂತ ನಾವು ಓದಿರುತ್ತೇವೆ. ನಾನು ಬದಲಾದದ್ದು ಒಂಬತ್ತು ದಿನ. ಪುಣೆಗೆ ಮರಳಿದವಳೇ ಕೋಥರೂಡಿನ ಒಂದು ಜಿಮ್ಮಿಗೆ ಇಡೀ ವರ್ಷದ ಫೀಸು ಕಟ್ಟಿದೆ, ಬೂಟು ಕೊಂಡೆ. ಹತ್ತನೇ ದಿನ ಒಂದು ಅರ್ಜೆಂಟ್ ಕೆಲಸ ಬಂತು, ಹನ್ನೊಂದನೇ ದಿನ ಮೈಕೈ ನೋವು. ಹನ್ನೆರಡನೇ ದಿನ ಕಾರಣವನ್ನೂ ಹುಡುಕಲಿಲ್ಲ. ಬಚ್ಚಲಿನ ಚಿತ್ರ ಮಾತ್ರ ಹಾಗೇ ಉಳಿಯಿತು. ಅದು ನನ್ನನ್ನು ಎಬ್ಬಿಸಲಿಲ್ಲ, ಬದಲಿಗೆ ರಾತ್ರಿ ನಿದ್ದೆ ಕೆಡಿಸಿತು. ನಿದ್ದೆಗೆಟ್ಟವಳು ಬೆಳಿಗ್ಗೆ ಇನ್ನೂ ತಡವಾಗಿ ಏಳುತ್ತಿದ್ದೆ.

ಆ ಚಳಿಗಾಲದಲ್ಲಿ ನನಗೆ ಬಂದ ದೊಡ್ಡ ಕೆಲಸ ಯಾವುದು ಗೊತ್ತೇ? ವ್ಯಾಯಾಮದ ಒಂದು ಆಪ್ ಅನ್ನು ಕನ್ನಡಕ್ಕೆ ತರುವುದು. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು "ಬನ್ನಿ, ಹೆಜ್ಜೆ ಹಾಕೋಣ", "ಇವತ್ತು ನಿಮ್ಮ ದಿನ" ಅಂತ ಬರೆಯುತ್ತಿದ್ದೆ. ಪದಕ್ಕೆ ಇಷ್ಟು ಅಂತ ದುಡ್ಡು. ಅದರಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಪದ ಮೋಟಿವೇಶನ್. ಸ್ಫೂರ್ತಿ ಅಂತ ಬರೆದೆ, ಕವಿಗೋಷ್ಠಿಯ ವಾಸನೆ ಬಂತು. ಹುಮ್ಮಸ್ಸು ಅಂದರೆ ಒಂದು ಸಂಜೆಯ ಮಾತು. ಕೊನೆಗೆ ಪ್ರೇರಣೆ ಅಂತ ಇಟ್ಟೆ. ಆದರೆ ನಾವು ಮನೆಯಲ್ಲಿ ಈ ಯಾವುದನ್ನೂ ಅನ್ನುವುದಿಲ್ಲವಲ್ಲ. ನಾವು ಅನ್ನುವುದು "ಮನಸ್ಸು ಬರ್ತಿಲ್ಲ" ಅಂತ.

ಭಾಷಾಶಾಸ್ತ್ರ ಓದಿದವರ ಚಟ, ಅಲ್ಲೇ ನಿಂತುಬಿಟ್ಟೆ. ನನಗೆ ಹಸಿವಾಯಿತು, ನನಗೆ ನಿದ್ದೆ ಬಂತು, ನನಗೆ ಬೇಜಾರಾಯಿತು, ನನಗೆ ಮನಸ್ಸಿಲ್ಲ. ಎಲ್ಲ ಕಡೆಯೂ 'ನನಗೆ'. ಕನ್ನಡದಲ್ಲಿ ಇಂಥ ಅನುಭವಗಳನ್ನು ನಾವು ಮಾಡುವುದಿಲ್ಲ, ಅವು ನಮಗೆ ಆಗುತ್ತವೆ. ನಾವು ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ಕೂತಿರುತ್ತೇವೆ, ಅವು ಬಂದು ಹೋಗುತ್ತವೆ. ನಮ್ಮ ಸೊಸೈಟಿಯ ಮರಾಠಿ ಹೆಂಗಸರೂ ವಾಕಿಂಗ್ ತಪ್ಪಿಸಿದ ದಿನ "ಮಲಾ ಕಂಟಾಳಾ ಆಲಾ" ಅನ್ನುತ್ತಾರೆ, ನನಗೆ ಬೇಜಾರು ಬಂತು ಅಂತ. ಎರಡೂ ಬೇರೆ ಬೇರೆ ಕುಟುಂಬದ ಭಾಷೆಗಳು, ಆದರೆ ಈ ವಿಷಯದಲ್ಲಿ ಅಕ್ಕಪಕ್ಕದ ಮನೆಯವರು.

ನಡೆಯುವುದಕ್ಕೆ ಮಾತ್ರ 'ನಾನು' ಬೇಕು. ನನಗೆ ನಡೆ ಬಂತು ಅನ್ನಲಾಗುವುದಿಲ್ಲ. ನಾನು ನಡೆದೆ, ಅಷ್ಟೆ. ನನ್ನ ತಪ್ಪು ಇಲ್ಲಿತ್ತು ಅನ್ನಿಸಿತು. 'ನನಗೆ' ಆಗಬೇಕಾದದ್ದು ಆದ ಮೇಲೆ 'ನಾನು' ಏಳುತ್ತೇನೆ ಅಂತ ಕಾಯುತ್ತಿದ್ದೆ. ಬಸ್ ಸ್ಟಾಪೇ ಇಲ್ಲದ ಜಾಗದಲ್ಲಿ ಬಸ್ಸಿಗೆ ಕಾದ ಹಾಗೆ.

ಇದು ಹೊಳೆದದ್ದೇ ತಡ ಓಡಲು ಹೊರಟೆ ಅಂತ ಬರೆದರೆ ಸುಳ್ಳಾಗುತ್ತದೆ. ಜನವರಿ, ಫೆಬ್ರವರಿ ಹಾಗೇ ಹೋದವು. ಮಾರ್ಚಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು. ಅಪ್ಪ ಆ ಹೊಸ್ತಿಲು ದಾಟಿದ್ದು ನಲವತ್ತರಲ್ಲಿ. ಹೆದರಿಕೆಯಾಯಿತು. ಗಮನಿಸಿ, ಅದೂ 'ನನಗೆ' ಆದದ್ದೇ. ಒಂದು ವಾರ ಇದ್ದು ಹೋಯಿತು.

ನನ್ನನ್ನು ಹೊರಗೆ ಕರೆದೊಯ್ದದ್ದು ಹಾಲು. ಬೆಳಿಗ್ಗೆ ಬಾಗಿಲಿಗೆ ಹಾಲು ತಂದಿಡುವ ಆಪ್ ಒಂದು ದಿನ ಕೈಕೊಟ್ಟಿತು. ಚಹಾ ಇಲ್ಲದೆ ನನ್ನ ದಿನ ಶುರುವಾಗುವುದಿಲ್ಲ. ನನಗೆ ಚಹಾ ಬೇಕು ಅನ್ನುವ ಚತುರ್ಥಿ ಈವರೆಗೆ ಒಂದು ದಿನವೂ ತಪ್ಪಿಲ್ಲ! ಚಪ್ಪಲಿ ಮೆಟ್ಟಿಕೊಂಡು ಡೇರಿಗೆ ಹೋದೆ. ಹೋಗಲು ಹನ್ನೆರಡು ನಿಮಿಷ, ಬರಲು ಹನ್ನೆರಡು. ಮನೆಗೆ ಬಂದು ಆಪ್‌ನಲ್ಲಿ ಹಾಲು ನಿಲ್ಲಿಸಿದೆ. ನಿರ್ಧಾರ ಅಂತ ನಾನು ಮಾಡಿದ್ದು ಅದೊಂದೇ. ಮರುದಿನದಿಂದ ವ್ಯಾಯಾಮದ ಮನಸ್ಸು ಬರಬೇಕಿರಲಿಲ್ಲ, ಹಾಲು ಬೇಕಿತ್ತು.

ಇಷ್ಟಕ್ಕೆ ವ್ಯಾಯಾಮ ಅನ್ನಬಹುದೇ ಅಂತ ನನಗೂ ನಾಚಿಕೆಯಿತ್ತು. ನಾನೇ ಕನ್ನಡಿಸಿದ ಆಪ್ ದಿನಕ್ಕೆ 10,000 ಹೆಜ್ಜೆ ಕೇಳುತ್ತಿತ್ತು, ನನ್ನದು ಮೂರು ಸಾವಿರ ದಾಟುತ್ತಿರಲಿಲ್ಲ. ಆ ಅಂಕಿಯ ಮೂಲ ಹುಡುಕಿದೆ. 1965ರ ಹೊತ್ತಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್‌ಪೊ-ಕೆಯ್. ಮಾನ್ ಅಂದರೆ ಹತ್ತು ಸಾವಿರ, ಪೊ ಅಂದರೆ ಹೆಜ್ಜೆ, ಕೆಯ್ ಅಂದರೆ ಮೀಟರು. ನಾನು ಯಾವುದೋ ವೈದ್ಯರ ಅಪ್ಪಣೆ ಅಂದುಕೊಂಡಿದ್ದದ್ದು ಒಂದು ಸರಕಿನ ಹೆಸರಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಬೇಕು ಅನ್ನುವ ಹಳೆಯ ಷರತ್ತನ್ನೂ ಅದು 2020ರಲ್ಲಿ ಕೈಬಿಟ್ಟಿದೆ. ಇಪ್ಪತ್ನಾಲ್ಕನ್ನು ಏಳರಿಂದ ಗುಣಿಸಿದರೆ 168. ಸ್ವಲ್ಪ ಬಿರುಸಾಗಿ ನಡೆದರೆ ನನ್ನ ಹಾಲಿನ ದಾರಿಯೇ ಲೆಕ್ಕಕ್ಕೆ ಸಾಕು. ಅಂದಿನಿಂದ ಬಿರುಸಾಗಿ ನಡೆದೆ.

ಉಳಿದದ್ದು ಸ್ನಾಯುಗಳ ಪಾಲು. ಅದನ್ನು ಕೊಟ್ಟದ್ದು ಅಪ್ಪ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನ ಫಿಸಿಯೋಥೆರಪಿಸ್ಟ್ ಬಂದಿದ್ದರು. ಬಚ್ಚಲಿನ ಕಥೆ ಹೇಳಿ, "ನನಗೆ ಎತ್ತೋ ಶಕ್ತಿನೇ ಇರ್ಲಿಲ್ರಿ" ಅಂದೆ. "ಎತ್ತಬಾರ್ದರಿ ಮೇಡಂ, ಏಳಿಸಬೇಕು" ಅಂದರು. ಬಗಲಿಗೆ ಕೈ ಹಾಕಿ ಎಳೆದರೆ ಬಿದ್ದವರ ಭುಜಕ್ಕೂ ಕೆಟ್ಟದ್ದು, ನಮ್ಮ ಸೊಂಟಕ್ಕೂ ಕೆಟ್ಟದ್ದಂತೆ. ಪಕ್ಕಕ್ಕೆ ಹೊರಳಿಸಿ, ಮೊಳಕಾಲೂರಿಸಿ, ಎದುರಿಗೆ ಗಟ್ಟಿ ಕುರ್ಚಿ ಇಟ್ಟು ಅವರೇ ಅದರ ಮೇಲೆ ಕೈಯೂರಿ ಏಳುವ ಹಾಗೆ ಮಾಡಬೇಕು. ನಾವು ಒತ್ತಾಸೆಗೆ ಮಾತ್ರ. ಏಳು, ಏಳಿಸು. ಶಾಲೆಯಲ್ಲಿ ಇದನ್ನೇ ಪ್ರೇರಣಾರ್ಥಕ ಅಂತ ಕಲಿತಿದ್ದೆವು. ನಾನು ಆಪ್‌ನಲ್ಲಿ ಮುನ್ನೂರು ಸಲ ಬರೆದ ಪ್ರೇರಣೆಯ ಅರ್ಥ ಆ ನಡುಮನೆಯಲ್ಲಿ ತಿಳಿಯಿತು.

ಅವರು ಅಪ್ಪನಿಗೆ ಕೊಟ್ಟ ಅಭ್ಯಾಸ ಒಂದೇ, ಆದಷ್ಟು ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಹತ್ತು ಸಲ. ಅಪ್ಪ ಮೂರಕ್ಕೇ ನಿಲ್ಲಿಸುತ್ತಿದ್ದರು. "ಅವರಿಗೆ ಮನಸ್ಸಿಲ್ಲವಾ" ಅಂದಳು ಅವ್ವ. ಆ ಮಾತು ಎಲ್ಲೋ ಕೇಳಿದ ಹಾಗಿತ್ತು. ಪುಣೆಗೆ ಬಂದ ಮೇಲೆ ಸಂಜೆ ಏಳಕ್ಕೆ ವಿಡಿಯೋ ಕಾಲ್ ಮಾಡಿ, ಇಬ್ಬರೂ ಒಟ್ಟಿಗೆ ಮಾಡೋಣ ಅಂದೆ. ಮೊದಲ ದಿನ ಆರನೆಯದಕ್ಕೆ ನನ್ನ ತೊಡೆ ನಡುಗಿತು. ಅಪ್ಪ ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ಹೆಚ್ಚು ನೋಡಿರಲಿಲ್ಲ.

ಈಗ ನಾನು ಮರೆತರೂ ಅವರು ಮರೆಯುವುದಿಲ್ಲ. ಏಳಕ್ಕೆ ಎರಡು ನಿಮಿಷವಿರುವಾಗಲೇ ಫೋನು. "ಕುರ್ಚಿ ತಗೊಂಡಿ ಇಲ್ಲೋ?" ಎಣಿಸುವುದು ಅವರೇ, ಮೇಷ್ಟ್ರ ದನಿಯಲ್ಲಿ. ನಾನು ಅರ್ಧಕ್ಕೆ ಕೂತರೆ "ಅದು ಲೆಕ್ಕಕ್ಕಿಲ್ಲ" ಅನ್ನುತ್ತಾರೆ. ಅವರದು ಹತ್ತಾಗಿದೆ, ನನ್ನದು ಇಪ್ಪತ್ತೈದರ ಮೂರು ಸುತ್ತು. ಬೆಳಿಗ್ಗೆ ಹಾಲಿನ ದಾರಿ ಬೆಳೆದು ವಾರಕ್ಕೆರಡು ಸಲ ವೇತಾಳ ಟೇಕಡಿಯನ್ನೂ ಹತ್ತುತ್ತದೆ.

ಹದಿನೆಂಟು ತಿಂಗಳಲ್ಲಿ ನನ್ನ ತೂಕ ಇಳಿದದ್ದು ಮೂರು ಕಿಲೋ. ಹಳೆಯ ಚೂಡಿದಾರಗಳು ಇನ್ನೂ ಬಿಗಿ. ಎಚ್‌ಬಿಎ1ಸಿ 5.8, ಇನ್ನೂ ಹೊಸ್ತಿಲಿನಲ್ಲೇ ಇದೆ, ಆದರೆ ಈ ಕಡೆಗೆ ಸರಿದಿದೆ. ಮೂರನೇ ಮಹಡಿಗೆ ದಿನಸಿ ಹೊತ್ತು ನಿಲ್ಲದೆ ಹತ್ತುತ್ತೇನೆ. ಮನಸ್ಸು ಈಗಲೂ ಎಲ್ಲ ದಿನ ಬರುವುದಿಲ್ಲ. ಬಂದ ದಿನವೂ ಡೇರಿಯ ಅರ್ಧ ದಾರಿ ಕಳೆದ ಮೇಲೆ, ಹಿಂದಿನಿಂದ ಓಡಿ ಬಂದು ಕೂಡಿಕೊಳ್ಳುತ್ತದೆ.

ಮೊನ್ನೆ ಜೋರು ಮಳೆ, ನಾಲ್ಕು ದಿನ ಹೊರಗೆ ಕಾಲಿಡಲಿಲ್ಲ. ಹಾಲಿನ ಪುಡಿಯಲ್ಲೇ ಚಹಾ ಮಾಡಿಕೊಂಡೆ. ಐದನೇ ದಿನ ಆ ರುಚಿ ಸಾಕಾಗಿ ಛತ್ರಿ ಹಿಡಿದು ಹೊರಟೆ. "ಕಾಯ್ ತಾಯಿ, ಇತಕೇ ದಿವಸ್?" ಅಂದ ಡೇರಿಯವನು, ಏನಕ್ಕಾ ಇಷ್ಟು ದಿನ ಅಂತ. ನನಗೆ ಮನಸ್ಸು ಬರಲಿಲ್ಲ ಅಂತ ಅವನಿಗೆ ಹೇಳಲಿಲ್ಲ. ಅರ್ಧ ಲೀಟರ್ ಹಾಲು ತಗೊಂಡು, ನೀರು ನಿಂತ ರಸ್ತೆಯಲ್ಲಿ ನಡೆದುಕೊಂಡು ಬಂದೆ.